ಬಾಣಂತಿ ಕೋಣೆಗೆ ಆರಿಸಿದ ಅಗ್ಗಿಷ್ಟಿಕೆ

ಬೆಳಗಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅಗ್ಗಿಷ್ಟಿಕೆ ಬಾಣಂತಿ ಕೋಣೆಯೊಳಕ್ಕೆ ಹೋಯಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ನಾನೇ ಗಡಿಯಾರ ನೋಡಿ ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆ ವರ್ಷವಷ್ಟೇ ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮುಳಬಾಗಿಲಿನ ಮನೆಗೆ ಬಂದಿದ್ದೆ. ಓದಿದ್ದು ರಸಾಯನಶಾಸ್ತ್ರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ನಗುವವರು ಈಗಲೇ ನಕ್ಕುಬಿಡಲಿ.

ಯುದ್ಧದ ಕಾಲ. ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಮಗು ಹುಟ್ಟಿ ಹದಿಮೂರು ದಿನವಾಗಿತ್ತು. ಮದರಾಸಿನ ಕಡೆ ಸಮುದ್ರದಲ್ಲಿ ಎದ್ದ ಗಾಳಿ ನಮ್ಮೂರಿಗೆ ಜಡಿಮಳೆ ತಂದಿತ್ತು. ಐದು ದಿನ ಸೂರ್ಯ ಕಂಡಿರಲಿಲ್ಲ. ಬೆಟ್ಟದ ಬಂಡೆಗಳೂ ಕಂಬಳಿ ಕೇಳುವಂಥ ಚಳಿ. ಮಗು ಹಗಲೂ ರಾತ್ರಿ ಅಳುತ್ತಿತ್ತು. ಒಂದು ಸೇರು ಹಾಲಿನಷ್ಟೂ ತೂಗದ ಹಾಗೆ ಕಾಣುವ ಆ ಜೀವ ಇಡೀ ಬೀದಿಯ ನಿದ್ದೆ ಕೆಡಿಸಿತ್ತು.

ಆ ಶನಿವಾರ ಭಾವ ಬಂದರು. ಚಿನ್ನದ ಗಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅವರು, ಊರಿಗೆ ಹೊರಟ ಯಾವನೋ ದೊರೆಯ ಬಂಗಲೆಯ ಹರಾಜಿನಲ್ಲಿ ಎರಡು ಹೀಟರು ಹಿಡಿದುಕೊಂಡು ಬಂದಿದ್ದರು. ಒಂದು ಸೀಮೆಎಣ್ಣೆಯದು. ಇನ್ನೊಂದು ಕರೆಂಟಿನದು; ತಾಮ್ರದ ದೊಡ್ಡ ಬೋಗುಣಿ, ನಡುವೆ ಸುರುಳಿ ತಂತಿ, ಕೆಳಗೆ ಒರಳಿನಷ್ಟು ಭಾರದ ಕಬ್ಬಿಣದ ಪಾದ.

"ಭಾವ, ನಮ್ಮನೇಲಿ ಕರೆಂಟೇ ಇಲ್ವಲ್ಲ!"

"ಬರುತ್ತೆ ಕಣಯ್ಯಾ. ಹೀಟರು ಮೊದಲ ಬಸ್ಸಲ್ಲಿ ಬಂತು, ಕರೆಂಟು ಹಿಂದಿನ ಬಸ್ಸಲ್ಲಿ ಬರ್ತಾ ಇದೆ."

ಅಜ್ಜಿ ಅದನ್ನು ಸುತ್ತಲೂ ನೋಡಿ, ಮಗುವಿನ ಎರಡು ಒದ್ದೆ ಬಟ್ಟೆ ತಂದು ಅದರ ಮೇಲೆ ಹರವಿದಳು. ಅಲ್ಲಿಗೆ ಆ ಯಂತ್ರಕ್ಕೆ ನಮ್ಮ ಮನೆಯಲ್ಲಿ ಕೆಲಸ ಸಿಕ್ಕಿತು.

ನಮ್ಮನ್ನು ಸಾಕಿದವಳು ಅಜ್ಜಿ. ಅವಳ ತವರು ನಂಗಲಿ. ಸಮಾಧಾನವಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಅವಳ ಅಭ್ಯರ್ಥಿ ಮಣ್ಣಿನ ಅಗ್ಗಿಷ್ಟಿಕೆ, ಎರಡು ಕಿವಿ ಹಿಡಿದು ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಕೆಂಡದ ಪಾತ್ರೆ. ಮೂರರಲ್ಲಿ ಯಾವುದು ಎಂದು ತೀರ್ಮಾನಿಸಲು ಭಾನುವಾರ ಬೆಳಿಗ್ಗೆ ನಾನು ನಡುಮನೆಯಲ್ಲಿ ಪರೀಕ್ಷೆ ಇಟ್ಟೆ. ಹೊಗೆ, ವಾಸನೆ, ಶಾಖ, ಮೂರಕ್ಕೂ ಅಂಕ. ಸೀಮೆಎಣ್ಣೆಯದು ಹತ್ತಿಕೊಂಡ ಕೂಡಲೇ ಕೆಮ್ಮಿ ಭಾವನ ಮೂಗಿಗೆ ಮಸಿ ಬಳಿಯಿತು. ಜೊತೆಗೆ ಎಣ್ಣೆಗೆ ರೇಷನ್ನು. ಕರೆಂಟಿನದಕ್ಕೆ ಹೊಗೆ ಇಲ್ಲ, ವಾಸನೆ ಇಲ್ಲ, ಶಾಖವೂ ಇಲ್ಲ. ಅಜ್ಜಿ ಶ್ರೀನಿವಾಸಪುರದಿಂದ ತರಿಸಿದ್ದ ಮಾವಿನಕಟ್ಟಿಗೆಯ ಇದ್ದಿಲನ್ನು ಹಿತ್ತಲಲ್ಲಿ ಊದಿ ಊದಿ ಕೆಂಪಗೆ ಮಾಡಿ ತಂದಿಟ್ಟಳು. ಹೊಗೆ ಇಲ್ಲ. ವಾಸನೆ ಇಲ್ಲ. ಶಾಖಕ್ಕೆ ನೂರಕ್ಕೆ ನೂರು.

"ಫಸ್ಟ್ ಕ್ಲಾಸು!" ಎಂದೆ.

"ಇಷ್ಟು ತಿಳ್ಕೊಳ್ಳೋಕೆ ಬೆಂಗಳೂರಿಗೆ ಹೋಗಿದ್ಯೇನೋ?" ಎಂದಳು ಅಜ್ಜಿ.

ನಾನು ಅಷ್ಟಕ್ಕೇ ಬಿಡಲಿಲ್ಲ. ಬಾಣಂತಿಗೆ ಗಾಳಿ ಸೋಕಬಾರದು ಎನ್ನುವುದು ಅಜ್ಜಿಯ ಶಾಸ್ತ್ರ. ಅವಳ ಕಾಲದಲ್ಲಿ ಕಿಟಕಿಯ ಸಂದಿಗೆ ಹಳೇ ಸೀರೆ ತುರುಕುತ್ತಿದ್ದರು, ಅಷ್ಟೆ; ನಂಗಲಿಯ ಹೆಂಚಿನ ಮನೆಯಲ್ಲಿ ಸೂರಿನಿಂದ ಗಾಳಿ ಹೇಗೂ ಓಡಾಡುತ್ತಿತ್ತು. ನಮ್ಮದು ಮಟ್ಟಸವಾದ ಮಣ್ಣಿನ ಮಾಳಿಗೆ, ಸೂರಿನ ಸಂದಿಯೇ ಇಲ್ಲ. ನಾನು ರಾಗಿಹಿಟ್ಟಿನ ಗಂಜಿ ಕಾಯಿಸಿ ಕಿಟಕಿಯ ತುಂಬ ಹಳೇ ಪತ್ರಿಕೆ ಅಂಟಿಸಿದೆ. ಮಾಳಿಗೆ ಹತ್ತಿ, ಆ ಕೋಣೆಗೆ ಬೆಳಕು ಬಿಡುವ ಗವಾಕ್ಷಿಯ ಮೇಲೆ ಕಲ್ಲುಚಪ್ಪಡಿ ಎಳೆದು, ಸುತ್ತಲೂ ಒದ್ದೆ ಮಣ್ಣು ಮೆತ್ತಿದೆ. ಇಡೀ ತಾಲ್ಲೂಕಿನಲ್ಲಿ ಅಂಥ ಭದ್ರವಾದ ಬಾಣಂತಿ ಕೋಣೆ ಇನ್ನೊಂದಿರಲಿಲ್ಲ.

ಸ್ನಾನ ಮುಗಿದು, ಸಾಂಬ್ರಾಣಿ ಹಾಕಿ, ಅಕ್ಕನನ್ನೂ ಮಗುವನ್ನೂ ಮಲಗಿಸಿ, ಅಜ್ಜಿ ಅಗ್ಗಿಷ್ಟಿಕೆ ಎತ್ತಿಕೊಂಡು ಹೋಗಿ ಒಳಗಿಂದ ಅಗುಳಿ ಹಾಕಿಕೊಂಡಳು. ಗಂಡಸರು ಅತ್ತ ಸುಳಿಯುವಂತಿಲ್ಲ. ನಾನೂ ಭಾವನೂ ನಡುಮನೆಯಲ್ಲಿ ಕೂತೆವು. "ಬಾರಯ್ಯಾ, ಹೋಟ್ಲಲ್ಲಿ ಒಂದೊಂದು ದೋಸೆ ತಿಂದು ಬರೋಣ" ಎಂದರು ಭಾವ. ಮಳೆ ಸ್ವಲ್ಪ ಜೋರಾಯಿತು. ನಿಲ್ಲಲಿ ಎಂದು ಕೂತೆವು.

ಒಳಗೆ ನಗು ಎದ್ದಿತು. ಅಕ್ಕನ ದನಿ: "ಅಜ್ಜೀ, ತೊಲೆಗಳೆಲ್ಲಾ ಉಯ್ಯಾಲೆ ಆಡ್ತಾ ಇವೆ!"

"ಆಡ್ಲಿ ಬಿಡೇ, ನಮಗೇನು ಹೋಗೋದು?" ಎಂದಳು ಅಜ್ಜಿ. ನಕ್ಕರೆ ಹಲ್ಲು ಸವೆಯುತ್ತದೆ ಎನ್ನುವಂತೆ ಬದುಕಿದವಳು ಕಿಲಕಿಲ ನಕ್ಕಳು. ಅದನ್ನು ಕೇಳಿ ನಾವೂ ನಕ್ಕೆವು. ಭಾವ ಕಣ್ಣು ಒರೆಸಿಕೊಂಡು, "ಅಜ್ಜಿಗೆ ಸಾಂಬ್ರಾಣಿ ಏರಿದೆ ಕಣೋ!" ಎಂದರು. ಆಮೇಲೆ ನಗು ನಿಂತಿತು. ಆಮೇಲೆ ಮಗುವಿನ ಅಳುವೂ ನಿಂತಿತು.

ಭಾವ ಎರಡೂ ಕೈ ಎತ್ತಿ ಮುಗಿದರು. "ಅಪ್ಪಾ ದೇವರೇ! ಮಲಗ್ತು. ಬಿಎಸ್ಸಿ, ನಿನಗೆ ಚಿನ್ನದ ಪದಕ!"

ನಾನು ಪುಸ್ತಕ ತೆರೆದು ಬರೆದೆ: ಹನ್ನೆರಡು ಗಂಟೆ, ಮಗು ಅಳು ನಿಲ್ಲಿಸಿತು, ಫಲಿತಾಂಶ ಉತ್ತಮ. ಬರೆದ ಸಾಲಿನ ಮೇಲ್ಗಡೆಯೇ ಬೆಳಿಗ್ಗೆಯ ಸಾಲುಗಳಿದ್ದವು. ಹೊಗೆ ಇಲ್ಲ. ವಾಸನೆ ಇಲ್ಲ. ಈ ಮಾತನ್ನು ನಾನು ಎಲ್ಲೋ ಮೊದಲೇ ಬರೆದಿದ್ದೇನೆ ಅನ್ನಿಸಿತು. ಎಲ್ಲಿ? ಪರೀಕ್ಷೆಯ ಕೊಠಡಿಯಲ್ಲಿ. ಕಾರ್ಬನ್ ಮೊನಾಕ್ಸೈಡ್: ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಹುಟ್ಟುತ್ತದೆ, ಮಾರಕ. ಆ ಉತ್ತರಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು.

"ಅಜ್ಜೀ! ಅಗುಳಿ ತೆಗಿ!" ಬಾಗಿಲು ಗುದ್ದಿದೆ.

"ಹುಚ್ಚೇನೋ? ಬಾಣಂತಿ ಕೋಣೆ, ಗಂಡಸರು ನುಗ್ತಾರಾ?" ಭಾವ ನನ್ನ ತೋಳು ಹಿಡಿದರು.

"ಭಾವ, ಅದು ನಿದ್ದೆ ಅಲ್ಲ!"

ಕೈಗೆ ಸಿಕ್ಕಿದ್ದು ಕರೆಂಟಿನ ಹೀಟರು. ಮಗುವಿನ ಬಟ್ಟೆ ಕಿತ್ತೆಸೆದು, ಕಬ್ಬಿಣದ ಪಾದವನ್ನು ಮುಂದೆ ಮಾಡಿ ಅಗುಳಿಯ ನೇರಕ್ಕೆ ಬಡಿದೆ. ಮೂರನೆಯ ಏಟಿಗೆ ಬಾಗಿಲು ಬಿತ್ತು. ಕರೆಂಟಿಲ್ಲದೆ ಕೆಲಸ ಮಾಡಿದ ಹೀಟರು ಅದೊಂದೇ ಇರಬೇಕು.

ಒಳಗೆ ಹಿತವಾಗಿತ್ತು. ಅದನ್ನು ನೆನೆದರೇ ನನಗೆ ಇಂದಿಗೂ ಮೈ ನಡುಗುವುದು, ಅಷ್ಟು ಹಿತವಾಗಿತ್ತು. ಅಜ್ಜಿ ಗೋಡೆಗೆ ಒರಗಿ ಅರೆಗಣ್ಣು ಬಿಟ್ಟು, "ಏಂ ರಾ, ಊಟ ಆಯ್ತಾ?" ಎಂದಳು. ಅಕ್ಕನ ತುಟಿ ಎಲೆಅಡಿಕೆ ಹಾಕಿದ ಹಾಗೆ ಕೆಂಪಗಿತ್ತು. ಮಗು ಗುಲಾಬಿ ಬಣ್ಣಕ್ಕೆ ತಿರುಗಿ, ಹುಟ್ಟಿದಂದಿನಿಂದ ಕಾಣದಷ್ಟು ಚೆಂದವಾಗಿ ಕಾಣುತ್ತಿತ್ತು. ಅಲ್ಲಾಡುತ್ತಿರಲಿಲ್ಲ. ಭಾವ ಅದನ್ನು ಬಾಚಿಕೊಂಡು ಅಂಗಳಕ್ಕೆ, ಮಳೆಗೆ ಓಡಿದರು. ನಾನು ಅಕ್ಕನನ್ನು ಎಳೆದೆ, ಆಮೇಲೆ ಅಜ್ಜಿಯನ್ನು. ಹದಿಮೂರು ದಿನ ಗಾಳಿ ಸೋಕದ ಹಾಗೆ ಕಾಪಾಡಿದ ಮೂವರೂ ಜಡಿಮಳೆಯಲ್ಲಿ ಅಂಗಳದ ಕಲ್ಲಿನ ಮೇಲಿದ್ದರು.

ಹನಿಗಳು ಮಗುವಿನ ಮುಖದ ಮೇಲೆ ಬೀಳುತ್ತಿದ್ದವು. ಒಂದು. ಎರಡು. ನಾನು ಎಣಿಸುತ್ತಿದ್ದೆ, ಯಾಕೆಂದು ಗೊತ್ತಿಲ್ಲ. ಹನ್ನೊಂದನೆಯ ಹನಿಗೆ ಮೂಗು ಸುಕ್ಕಾಯಿತು. ಆಮೇಲೆ ಬಾಯಿ ತೆರೆಯಿತು.

"ಅಳ್ತಾ ಇದೆ! ಅಳ್ತಾ ಇದೆ ಕಣೋ ಬಿಎಸ್ಸಿ!" ಭಾವ ಮಸಿ ಮೂಗಿನಲ್ಲೇ ಕುಣಿದರು. ಕೂಗು ಕೇಳಿ ಸಾವಾಯಿತೆಂದು ಓಡಿ ಬಂದ ಬೀದಿಯವರಿಗೆ ಕಂಡದ್ದು, ಮಳೆಯಲ್ಲಿ ಕೂತು ವಾಂತಿ ಮಾಡುತ್ತ ನಗುತ್ತಿದ್ದ ಅಕ್ಕ, ತೆಲುಗಿನಲ್ಲಿ ನನ್ನ ವಂಶವನ್ನೆಲ್ಲ ಬೈಯುತ್ತಿದ್ದ ಅಜ್ಜಿ. ಆ ವಂಶ ಅವಳದೇ. ಡಾಕ್ಟರು ಬಂದು ನೋಡಿ, "ಕಿಟಕಿಯೇ ಇವರಿಗೆ ಔಷಧಿ" ಎಂದು ನನ್ನ ಪತ್ರಿಕೆಗಳನ್ನು ಅವರೇ ಹರಿದು ಹಾಕಿದರು.

ಜೀವಗಳು ಉಳಿದವು, ನಿದ್ದೆ ಉಳಿಯಲಿಲ್ಲ. ರಾತ್ರಿಯಿಡೀ ಸರದಿ ಕಾವಲು; ಮಗು ಅತ್ತರೆ ಹಬ್ಬ, ಸುಮ್ಮನಾದರೆ ಮೂರು ಜನವೂ ದಡಬಡ ಏಳುತ್ತಿದ್ದೆವು. ಅಜ್ಜಿ ಮೂಗಿನ ಕೆಳಗೆ ಬೆರಳಿಡುವಳು. ನಾನು ಹಿಮ್ಮಡಿ ಚಿವುಟುವೆನು. ಅದು ಕಿರುಚಿದ ಮೇಲೆ ಎಲ್ಲರಿಗೂ ಸಮಾಧಾನ. "ಲೇ, ನನ್ನ ಮಗನ ಕಾಲು ನೀಲಿ ಮಾಡ್ಬಿಟ್ಯಲ್ಲೋ!" ಎಂದು ಅಕ್ಕ ಬೈಯುತ್ತಿದ್ದಳು, ಬೈದು ತಾನೇ ಒಮ್ಮೆ ಚಿವುಟುತ್ತಿದ್ದಳು. ನಾನು ಕಣ್ಣು ಮುಚ್ಚಿದರೆ ಕನಸಿನಲ್ಲಿ ಭಾವನ ಜೊತೆ ದೋಸೆ ತಿನ್ನಲು ಹೋಗಿಬಿಡುತ್ತಿದ್ದೆ. ಅಲ್ಲಿ ಮಳೆ ನಿಂತಿರುತ್ತಿತ್ತು.

ಚಳಿಯಂತೂ ಹೋಗಿರಲಿಲ್ಲ, ಹೀಟರು ಮತ್ತೆ ಆರಿಸಬೇಕಾಯಿತು. ಈ ಸಲ ಪರೀಕ್ಷಕಳು ಅಜ್ಜಿ. ನೀರೊಲೆಯ ಬಾಯಲ್ಲಿ ಇಟ್ಟಿಗೆ ಕಾಯಿಸಿ, ಗೋಣಿಯಲ್ಲಿ ಸುತ್ತಿ, ಮೇಲೆ ಕಂಬಳಿಯ ತುಂಡು ಕಟ್ಟಿ, ತನ್ನ ಕೆನ್ನೆಗೆ ಒತ್ತಿ ನೋಡಿ, ಅಕ್ಕನ ಕಾಲಬುಡಕ್ಕೆ ಒಂದು, ತೊಟ್ಟಿಲಿನ ಕೆಳಗೆ ಒಂದು ಇಟ್ಟಳು. ನಾನು ಮಾಳಿಗೆ ಹತ್ತಿ ಚಪ್ಪಡಿ ಸರಿಸಿದೆ.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ತಿಂದು ಮಲಗಿದವರು ಮರುದಿನ ಬೆಳಿಗ್ಗೆಯೇ ಮಗುವಿನ ಅಳುವಿಗೆ ಎದ್ದೆವು. ಗವಾಕ್ಷಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿತ್ತು.

"ರಾತ್ರಿ ಕಾವಲು ಯಾರಿದ್ರಿ?" ಎಂದಳು ಅಜ್ಜಿ.

"ನಾನಲ್ಲ" ಎಂದೆ. "ನಾನೂ ಅಲ್ಲ" ಎಂದಳು ಅಕ್ಕ. ಹಬ್ಬಕ್ಕೆ ಬಂದಿದ್ದ ಭಾವ ಇನ್ನೂ ಗೊರಕೆ ಹೊಡೆಯುತ್ತಿದ್ದರು.

ಅಜ್ಜಿ ತೊಟ್ಟಿಲಿನ ಕೆಳಗೆ ಕೈ ಹಾಕಿದಳು. "ಇಟ್ಟಿಗೆ ತಣ್ಣಗಾಗಿದೆ ಕಣೋ. ಹೋಗು, ಇನ್ನೊಂದು ತಾ."