ಗೋಂದು ಬೀಳದ ಸಮುದ್ರ

ಒಂದನೇ ತರಗತಿಯಿಂದ ಐದನೆಯವರೆಗಿನ ಮಕ್ಕಳಿಗೆಲ್ಲ ಅವಳು ಬಕೆಟ್ ಮಿಸ್. ಎರಡೂ ಕೈಯಲ್ಲಿ ಎರಡು ಬಕೆಟ್, ಕಂಕುಳಲ್ಲಿ ಕಾಗದದ ಸುರುಳಿ, ಕಿವಿಯ ಮೇಲೊಂದು ಪೆನ್ಸಿಲ್ ಸಿಕ್ಕಿಸಿಕೊಂಡು ಬರುವ ಚಿತ್ರಕಲೆಯ ಟೀಚರನ್ನು ಮಕ್ಕಳು ಇನ್ನೇನೆಂದು ಕರೆಯಬೇಕು? ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯೇ ಅವಳ ರಾಜ್ಯ. ಎದ್ದು ನಿಂತರೆ ತಲೆ ತಾಗುವುದರಿಂದ ಅಲ್ಲಿ ಪಾಠವೆಲ್ಲ ನೆಲದ ಮೇಲೆಯೇ.

ಅವಳು ಮಕ್ಕಳಿಂದ ಸೇಬು ಬರೆಸಿದವಳಲ್ಲ, ಬೆಟ್ಟದ ನಡುವೆ ಹುಟ್ಟುವ ಸೂರ್ಯನನ್ನೂ ಬರೆಸಿದವಳಲ್ಲ. "ಚಪ್ಪಲಿ ತೆಗೆದು ಮುಂದಿಟ್ಕೊಳ್ಳಿ. ಎಲ್ಲಿ ಸವೆದಿದೆ ನೋಡಿ, ಅದನ್ನೇ ಬರೀರಿ" ಎನ್ನುವಳು. ಬಕೆಟ್ಟಿನ ತಂತಿ ಹಿಡಿ ಎರಡನೇ ತರಗತಿಯವರ ಅಂಗೈ ಕೊರೆಯುತ್ತದೆಂದು ಗೊತ್ತಾದಾಗ, ಅದಕ್ಕೆ ಏನು ಸುತ್ತಬಹುದೆಂದು ಅವರಿಂದಲೇ ವಿನ್ಯಾಸ ಮಾಡಿಸಿದಳು. ಬಟ್ಟೆ, ಹಗ್ಗ ಎಲ್ಲ ಸೋತು ಹಳೇ ಸೈಕಲ್ ಟ್ಯೂಬು ಗೆದ್ದಿತು. ಮನೆಯಲ್ಲಿ ಅತ್ತೆ, "ನಮ್ಮ ಸೊಸೆ ಅಷ್ಟೊಂದು ಓದಿದ್ದು ಬ್ರಷ್ ತೊಳೆಯೋಕೆ" ಎಂದು ಛೇಡಿಸುತ್ತಿದ್ದರು. ಮೊಮ್ಮಗಳ ಅಂಗಿ ಹರಿದರೆ ಬಣ್ಣ ಒರೆಸಲಿಕ್ಕೆಂದು ಮಡಿಚಿ ಎತ್ತಿಡುವವರೂ ಅವರೇ.

ಬಣ್ಣ ಕಲಸುವುದು ಮಕ್ಕಳ ಕೆಲಸ. ಬಣ್ಣದ ಪುಡಿಗೆ ನೀರಿನ ಜೊತೆ ಗೋಂದೂ ಬೀಳಬೇಕು. ಬೀಳದಿದ್ದರೆ ಗೋಡೆಯ ಬಣ್ಣ ಒಣಗಿದ ಮೇಲೆ ಮುಟ್ಟಿದವರ ಕೈಗೆ ಬಂದುಬಿಡುತ್ತದೆ. ಅದಕ್ಕಾಗಿ ಅವಳೊಂದು ಪದ್ಧತಿ ಮಾಡಿದ್ದಳು. ಗೋಂದು ಸುರಿದವರು "ಗೋಂದು ಬಿತ್ತು!" ಎಂದು ಕೂಗಬೇಕು, ಉಳಿದವರೆಲ್ಲ "ಬಿತ್ತು!" ಎಂದು ದನಿಗೂಡಿಸಬೇಕು. ಆ ಕೂಗಿಗೆ ಮೇಲಿನ ಗಣಿತದ ತರಗತಿ ಬೆಚ್ಚಿಬೀಳುತ್ತಿತ್ತು.

ಆ ವರ್ಷ ದುಂಬಾಲು ಬಿದ್ದು ಕೇಳಿದ ಮೇಲೆ ದೊಡ್ಡ ಮಿಸ್, ಅಂದರೆ ಮುಖ್ಯೋಪಾಧ್ಯಾಯಿನಿ, ಕೆಳಗಿನ ಕಾರಿಡಾರಿನ ಉದ್ದ ಗೋಡೆಯನ್ನು ಮೂರನೇ ತರಗತಿಗೆ ಬಿಟ್ಟುಕೊಟ್ಟಿದ್ದರು. ಆದರೆ ಮಾತು ಕಡ್ಡಿ ಮುರಿದಂತಿತ್ತು: "ಪೋಷಕರ ಸಭೆ ದಿನ ಒಬ್ಬರ ಬಟ್ಟೆಗೆ ಬಣ್ಣ ಹತ್ತಲಿ, ಮಾರನೇ ದಿನವೇ ಸುಣ್ಣ ಹೊಡೆಸ್ತೀನಿ. ಆಮೇಲೆ ಗೋಡೆ ವಿಷಯ ನನ್ನ ಹತ್ರ ಎತ್ತಬಾರದು."

ಮಕ್ಕಳು ಗೋಡೆಯ ತುಂಬ ಸಮುದ್ರ ಬರೆದರು. ಕನ್ನಡಕದ ಮೀನು, ಚಪ್ಪಲಿ ಅಂಗಡಿಗೆ ಹೊರಟ ಎಂಟು ಕಾಲಿನ ಆಕ್ಟೋಪಸ್, ತಳದಲ್ಲಿ ಯಾರದೋ ಕಳೆದುಹೋದ ಟಿಫಿನ್ ಡಬ್ಬಿ. ಕೊನೆಗೆ ಉಳಿದದ್ದು ನೀರಿನ ನೀಲಿ. ಅದನ್ನೂ ಬಳಿದು ಮುಗಿಸಿ ಎಲ್ಲರೂ ಮನೆಗೆ ಹೋದರು.

ಸಭೆಯ ದಿನ ಬೆಳಿಗ್ಗೆ ಅವಳು ಕಾಲಿಡುತ್ತಿದ್ದಂತೆಯೇ ಆಯಾ ಪೊರಕೆ ಹಿಡಿದು ಎದುರಾದಳು.

"ಮಿಸ್, ಕಸ ಗುಡಿಸ್ತಾ ಒಂಚೂರು ಒರಗಿದೆ ಅಷ್ಟೇ. ನನ್ ಬೆನ್ ನೋಡಿ!"

ಬೆನ್ನೆಲ್ಲ ನೀಲಿ. ಬಕೆಟ್ ಮಿಸ್ ಕಾರಿಡಾರಿಗೆ ಓಡಿದಳು. ಗೋಡೆಯ ಮೇಲೆ ಬೆರಳೆಳೆದಳು, ಬೆರಳೂ ನೀಲಿ. ಮೀನು ಮುಟ್ಟಿದಳು, ಬರಲಿಲ್ಲ. ಆಕ್ಟೋಪಸ್ಸೂ ಗಟ್ಟಿ. ನೀರು ಮಾತ್ರ ಪುಡಿ ಪುಡಿ.

ಮೂರನೇ ತರಗತಿಯವರು ಬರುತ್ತಲೇ ಕೇಳಿದಳು: "ನಿನ್ನೆ ನೀಲಿಗೆ ಗೋಂದು ಹಾಕಿದ್ದು ಯಾರು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತರಗತಿಯವರು ಗುಬ್ಬಿ ಎಂದು ಕರೆಯುವ ಪುಟಾಣಿ ಹುಡುಗಿ ಬಾಯಿ ಬಿಟ್ಟಳು. "ನೀವ್ ಹಾಕಿದ್ರಿ ಅನ್ಕೊಂಡ್ವಿ ಮಿಸ್."

"ನಾನು ನೀವು ಹಾಕಿದ್ರಿ ಅನ್ಕೊಂಡೆ. ಕೂಗು ಕೇಳ್ತಾ ನಿಮಗೆ?"

"ಕೂಗೋ ಹೊತ್ತಿಗೆ ದೊಡ್ಡ ಮಿಸ್ ಬಾಗಿಲಲ್ಲಿ ಬಂದು ನಿಂತ್ಕೊಂಡ್ರಲ್ಲ. ಅದಕ್ಕೆ ಎಲ್ಲಾರೂ ಗಪ್‌ಚಿಪ್."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಡೀ ವರ್ಷದಲ್ಲಿ ಅವರು ಶಿಸ್ತಾಗಿ ಕೂತದ್ದು ಅದೊಂದು ಗಳಿಗೆ!

ಮೇಲಿಂದ ಗೋಂದು ಬಳಿಯೋಣವೆಂದರೆ ಬ್ರಷ್ ತಾಗಿದಲ್ಲೆಲ್ಲ ನೀಲಿ ಎದ್ದು ಮೀನುಗಳ ಮೇಲೆ ಹರಿಯುತ್ತದೆ. ಇದ್ದಿಲಿನಲ್ಲಿ ಬರೆದ ಚಿತ್ರಗಳ ಪುಡಿ ಉದುರದಿರಲೆಂದು ಅವುಗಳಿಗೆ ಅವಳು ತೆಳು ಗೋಂದಿನ ನೀರನ್ನು ಖಾಲಿ ಸೆಂಟಿನ ಬಾಟಲಿಯಿಂದ ಚಿಮುಕಿಸುವುದಿತ್ತು. ಆದರೆ ಇಷ್ಟುದ್ದದ ಸಮುದ್ರಕ್ಕೆ ಸೆಂಟಿನ ಬಾಟಲಿ ಎಲ್ಲಿಗೆ ಸಾಕು?

ಆಯಾಳನ್ನು ಮಕ್ಕಳ ಕಾವಲಿಗಿಟ್ಟು ಅವಳು ರಸ್ತೆ ದಾಟಿ ಇಸ್ತ್ರಿ ಅಂಗಡಿಗೆ ಓಡಿದಳು.

"ಅಣ್ಣಾ, ನಿಮ್ಮ ನೀರು ಹೊಡೆಯೋ ಬಾಟ್ಲಿ ಮಧ್ಯಾಹ್ನದವರೆಗೆ ಕೊಡ್ತೀರಾ?"

"ಬಾಟ್ಲಿ ಕೊಟ್ಟು ನಾನೇನು ಬಾಯಲ್ಲಿ ಉಗುಳಿ ಇಸ್ತ್ರಿ ಮಾಡ್ಲಾ ಮೇಡಂ?"

"ಮಕ್ಕಳ ಗೋಡೆ ಉಳೀಬೇಕಣ್ಣ."

ಇಸ್ತ್ರಿಯಣ್ಣ ಅವಳ ನೀಲಿ ಬೆರಳು ನೋಡಿ ಬಾಟಲಿ ಚಾಚಿದ. "ಮೂತಿ ಕಟ್ಕೊಂಡ್ರೆ ನನ್ನ ಬಯ್ಬೇಡಿ."

ಮೂತಿ ಕಟ್ಟದಿರಲೆಂದೇ ಅವಳು ಮಗಳ ಹಳೇ ಬನಿಯನ್ನಿನಲ್ಲಿ ಗೋಂದಿನ ನೀರು ಸೋಸಿದಳು. ತೋಳುದ್ದ ದೂರ ನಿಂತು ಚಿಮುಕಿಸಿದಳು. ಗೋಡೆ ತಂಪಾಗಬೇಕು, ತೊಯ್ಯಬಾರದು. ಒಂದು ಸಲ ಹೊಡೆದದ್ದು ಒಣಗಿದ ಮೇಲೆಯೇ ಇನ್ನೊಂದು. ಒಣಗುವವರೆಗೆ ಮಕ್ಕಳು ಪರೀಕ್ಷೆಯ ಪ್ಯಾಡುಗಳನ್ನು ಹಿಡಿದು ಸಾಲಾಗಿ ನಿಂತು ಗಾಳಿ ಹಾಕಿದರು. ಒಂದು ಮೂಲೆಯಲ್ಲಿ ಅವಸರಕ್ಕೆ ಹತ್ತಿರ ಹೊಡೆದದ್ದರಿಂದ ನೀಲಿ ನಾಲ್ಕು ಗೆರೆಯಾಗಿ ಇಳಿಯಿತು. ಅವಳು ಹಲ್ಲು ಕಚ್ಚಿದಳು. "ಅಲ್ಲಿ ಮಳೆ ಬರ್ತಿದೆ, ಬಿಡಿ ಮಿಸ್" ಎಂದಳು ಗುಬ್ಬಿ.

ಅಷ್ಟರಲ್ಲಿ ದೊಡ್ಡ ಮಿಸ್ ಬಂದರು. ಗೋಡೆಗೆ ಗಾಳಿ ಬೀಸುತ್ತಿದ್ದ ಸಾಲನ್ನು ನೋಡಿ ಅವರ ಕನ್ನಡಕ ಮೂಗಿನ ತುದಿಗಿಳಿಯಿತು.

"ಏನಿದು?"

"ಸಮುದ್ರಕ್ಕೆ ಸೆಖೆ ಆಗ್ತಿದೆ ಮಿಸ್!" ಎಂದ ಸಾಲಿನಲ್ಲಿದ್ದ ಒಬ್ಬ.

ಬಕೆಟ್ ಮಿಸ್ ಮುಚ್ಚಿಡಲು ಹೋಗಲಿಲ್ಲ. ಗೋಂದು ಬೀಳದ್ದನ್ನೂ ಕೂಗು ನಿಂತದ್ದನ್ನೂ ಹೇಳಿಬಿಟ್ಟಳು. ದೊಡ್ಡ ಮಿಸ್ ಕನ್ನಡಕ ಮೇಲೇರಿಸಿದರು.

"ಅಂದ್ರೆ ತಪ್ಪು ನಂದು ಅಂತೀರಿ."

"ಇಲ್ಲ ಮೇಡಂ, ಒಣಗಿದ ಮೇಲೆ ನಾನೇ ಒಂದ್ಸಲ ಮುಟ್ಟಿ ನೋಡ್ಬೇಕಿತ್ತು."

"ಸಂಜೆ ನೋಡೋಣ" ಎಂದು ಅವರು ಹೊರಟುಹೋದರು. ಮಾತು ಹಿಂತೆಗೆದುಕೊಳ್ಳಲಿಲ್ಲ, ಪೋಷಕರು ಕೂರುವ ಬೆಂಚುಗಳನ್ನು ಗೋಡೆಯಿಂದ ದೂರ ಎಳೆಸಲೂ ಇಲ್ಲ.

ಸಂಜೆ ಕಾರಿಡಾರು ಗಿಜಿಗುಟ್ಟಿತು. ಅವಳು ಒಬ್ಬೊಬ್ಬ ಪೋಷಕರ ಹೆಗಲು, ಮೊಣಕೈ ನೋಡುತ್ತ ನಿಂತಳು. ಯಾರು ಏನು ಕೇಳಿದರೂ "ಹೂಂ, ಚೆನ್ನಾಗಿ ಬರೀತಾನೆ" ಎಂಬ ಒಂದೇ ಉತ್ತರ. ಒಬ್ಬ ತಾಯಿ, "ನಮ್ಮದು ಹೆಣ್ಣುಮಗು ಮಿಸ್" ಎಂದಾಗಲೂ ಅವಳ ಕಣ್ಣು ಗೋಡೆಯ ಮೇಲೆಯೇ. ಆಗ ಗುಬ್ಬಿಯ ತಾತ, ಗರಿಗರಿ ಬಿಳಿ ಅಂಗಿಯವರು, "ಉಸ್ಸಪ್ಪಾ" ಎಂದು ಬೆಂಚಿನಲ್ಲಿ ಕೂತು ಬೆನ್ನನ್ನು ಪೂರ್ತಿ ಸಮುದ್ರಕ್ಕೆ ಒಪ್ಪಿಸಿಬಿಟ್ಟರು. ಕಣ್ಣೂ ಮುಚ್ಚಿದರು. ಬಕೆಟ್ ಮಿಸ್ ಕಣ್ಣು ಆ ಬಿಳಿ ಅಂಗಿಗೇ ಅಂಟಿತು. ಆಚೆ ಬದಿಯಲ್ಲಿ ಯಾರದೋ ತಂದೆಯ ಜೊತೆ ಮಾತಾಡುತ್ತಿದ್ದ ದೊಡ್ಡ ಮಿಸ್ ಕೂಡ ಮಾತಿನ ನಡುವೆ ನಿಂತು ಅತ್ತಲೇ ನೋಡುತ್ತಿದ್ದರು.

"ತಾತಾ, ಬನ್ನಿ, ಮೀನು ತೋರಿಸ್ತೀನಿ" ಎಂದು ಗುಬ್ಬಿ ಕೈ ಹಿಡಿದೆಳೆದಳು. ತಾತ ಎದ್ದರು, ತಿರುಗಿದರು.

ಬೆನ್ನು ಬೆಳ್ಳಗಿತ್ತು. ಹೆಗಲ ಮೂಳೆ ಒತ್ತಿದಲ್ಲಿ ಹಬೆಯಂಥ ಒಂದು ನೀಲಿ ಛಾಯೆ. ಗೊತ್ತಿದ್ದವರು ಹುಡುಕಿದರಷ್ಟೇ ಕಾಣುವಂಥದು. ಅಲ್ಲಿ ಹುಡುಕುತ್ತಿದ್ದವರು ಇಬ್ಬರೇ. ದೊಡ್ಡ ಮಿಸ್ ತಾತನ ಹಿಂದೆ ಬಂದು ಧೂಳು ಕೊಡವುವವರಂತೆ ಆ ಜಾಗವನ್ನು ಎರಡು ಸಲ ತಟ್ಟಿದರು. ಅದೂ ಹೋಯಿತು.

"ಏನು ಮೇಡಂ?" ಎಂದರು ತಾತ.

"ಏನಿಲ್ಲ, ದಾರ" ಎಂದ ದೊಡ್ಡ ಮಿಸ್, ಬಕೆಟ್ ಮಿಸ್ ಪಕ್ಕ ಹಾದುಹೋಗುವಾಗ ದನಿ ತಗ್ಗಿಸಿದರು. "ನಾಳೆ ಇನ್ನೊಂದ್ಸಲ ಹೊಡೀರಿ. ನಾನಂತೂ ಸುಣ್ಣದವರಿಗೆ ಹೇಳೋಲ್ಲ."

ಜನವೆಲ್ಲ ಕರಗಿದ ಮೇಲೆ ಅವಳು ಮೆಟ್ಟಿಲ ಮೇಲೆ ಕೂತು ಊಟದ ಡಬ್ಬಿ ತೆರೆದಳು. ಬೆಳಿಗ್ಗೆ ಅತ್ತೆ ಕಟ್ಟಿಕೊಟ್ಟದ್ದು ಹಾಗೇ ಇತ್ತು.

"ಈ ಹೊತ್ತಲ್ಲಿ ಊಟ ಮಾಡಿದ್ರೆ ಮನೇಲೇನ್ ತಿಂತೀರಿ?" ಎಂದಳು ಆಯಾ.

"ಅಲ್ಲೂ ತಿಂತೀನಿ" ಎಂದು ಅವಳು ತುಂಬಿದ ಬಾಯಲ್ಲೇ ನಕ್ಕಳು.