ಗುಡುಗು ಬಳಗದ ತಪ್ಪುಕಾಣಿಕೆ

ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು "ಚಾಮರಾಜನಗರ, ಚಾಮರಾಜನಗರ" ಎಂದು ಕೂಗುವ ಇಂದ್ರಾಣಿ ಒಂದು ರಾಕ್ ಬಳಗವನ್ನು ಆಳುತ್ತಾಳೆ ಎಂದರೆ ಅವಳ ಪಕ್ಕದ ಕುರ್ಚಿಯವರೇ ನಂಬುವುದಿಲ್ಲ. ಸೀರೆಗೆ ಪಿನ್ನು ಚುಚ್ಚಿ, ಕನಕಾಂಬರ ಮುಡಿದು, ಡಬ್ಬಿಯಲ್ಲಿ ಉಪ್ಪಿಟ್ಟು ತರುವ ಹೆಂಗಸಿಗೂ ಕಿವಿ ಕಿತ್ತು ಬರುವ ಗಿಟಾರಿಗೂ ಎಲ್ಲಿಯ ನಂಟು ಅಂತೀರಾ? ಬಸ್ಸಿನದೇ ನಂಟು.

ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಟಿ. ನರಸೀಪುರದ ಬಸ್ಸಿಗೆ ಕಂಡಕ್ಟರ್ ಆಗಿದ್ದಳು. ಒಬ್ಬ ಉದ್ದ ಕೂದಲಿನ ಹುಡುಗ ದಿನಾ ತನ್ನ ಗಿಟಾರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತಿದ್ದ. ಲಗೇಜ್ ಟಿಕೆಟ್ ತಗೋ ಎಂದರೆ, "ಇದು ಮಗು ಕಣಕ್ಕ, ಇನ್ನೂ ಸ್ಕೂಲಿಗೆ ಸೇರ್ಸಿಲ್ಲ, ಟಿಕೆಟ್ ಎಂಗ್ ಕೇಳ್ತೀರಿ?" ಎಂದ. ಅಷ್ಟಕ್ಕೇ ಬಿಟ್ಟನೇ? ಬಸ್ ಚಾರ್ಜು ಯಾಕೆ ಏರಿತು, ಯಾವ ಸರ್ಕಾರ ಏನು ಹೇಳಿ ಏನು ಮಾಡಿತು ಎಂದು ಇಡೀ ಬಸ್ಸಿಗೆ ಭಾಷಣ ಹೊಡೆದ. ಜನ ನಕ್ಕರು, ಇಂದ್ರಾಣಿಯೂ ನಕ್ಕಳು, ಆದರೆ ಟಿಕೆಟ್ ಮಾತ್ರ ಹರಿದೇ ಕೊಟ್ಟಳು. ಅವನೇ ನಾಗೇಂದ್ರ.

ಮುಂದೆ ಅವನ 'ಗುಡುಗು' ತಂಡ ಮೈಸೂರಿನ ಕಾಲೇಜುಗಳಲ್ಲೆಲ್ಲ ಹೆಸರು ಮಾಡಿತು. ಹಾಡಿನ ನಡುವೆ ಅವನು ಏರುದನಿಯಲ್ಲಿ ಒಂದು ಕೂಗು ಹಾಕುತ್ತಿದ್ದ. ಅದನ್ನು ಕೇಳುವುದಕ್ಕೆಂದೇ ಹುಡುಗರು ಬರುತ್ತಿದ್ದರು. ಆಮೇಲೆ ಡ್ರಮ್ಮಿನವನಿಗೆ ಮದುವೆಯಾಯಿತು, ಬೇಸ್ ಗಿಟಾರಿನವನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಸಿಕ್ಕಿತು, ತಂಡ ಚದುರಿತು. ನಾಗೇಂದ್ರ ಟಿ. ನರಸೀಪುರದಲ್ಲಿ ಒಂದು ಮಹಡಿ ಕೋಣೆ ಹಿಡಿದು ಗಿಟಾರ್ ಕ್ಲಾಸ್ ಶುರುಮಾಡಿದ. ಉಳಿದದ್ದು ಫೋನಿನ ಟೆಲಿಗ್ರಾಮಿನಲ್ಲಿ ಅವನು ಕಟ್ಟಿದ್ದ ಅಭಿಮಾನಿಗಳ ಗುಂಪು, 'ಗುಡುಗು ಬಳಗ'.

ಆ ಬಳಗದ ವೈಖರಿಯೇ ಬೇರೆ. ಬೆಳಿಗ್ಗೆ ನಾಗೇಂದ್ರನ ರಾಜಕೀಯ: ಪಂಚಾಯ್ತಿ ಎಲೆಕ್ಷನ್ ಯಾಕೆ ಮುಂದಕ್ಕೆ ಹೋಯಿತು, ನಾಲೆಗೆ ನೀರು ಯಾವಾಗ, ಯಾವ ಮಂತ್ರಿ ಯಾರ ಮನೆಯಲ್ಲಿ ಊಟ ಮಾಡಿದರು. ಸಂಜೆ ಸಂಗೀತದ ಸುದ್ದಿ: ಯಾವ ತಂಡ ಒಡೆಯಿತು, ಯಾರು ಹೊಸ ಹಾಡು ಬಿಟ್ಟರು, ಗಿಟಾರ್ ತಂತಿ ಎಲ್ಲಿ ಅಗ್ಗ. ನಡುವೆ ಜಗಳ. ಎಲೆಕ್ಷನ್ ಹತ್ತಿರ ಬಂದರಂತೂ ತಂತಿ ಕೇಳಿದವನಿಗೂ "ನೀನು ಯಾವ ಪಾರ್ಟಿ?" ಎನ್ನುತ್ತಿದ್ದರು. ತುಂಬಿದ ಬಸ್ಸನ್ನು ನಿಭಾಯಿಸಿದವಳು ಇದನ್ನೂ ನಿಭಾಯಿಸುತ್ತಾಳೆ ಎಂದು ನಾಗೇಂದ್ರ ಇಂದ್ರಾಣಿಯನ್ನು ಅಡ್ಮಿನ್ ಮಾಡಿದ.

ಇಂದ್ರಾಣಿಗೆ ನ್ಯಾಯ ಹೇಳುವುದು ರಕ್ತದಲ್ಲೇ ಇತ್ತು. ಕವಲಂದೆಯಲ್ಲಿ ಅವಳಪ್ಪ ಗೋವಿಂದಯ್ಯ ಕೇರಿಯ ಯಜಮಾನರಾಗಿದ್ದವರು. ಅವರ ಕಟ್ಟೆಯಲ್ಲಿ ತಪ್ಪು ಮಾಡಿದವನು ಸಭೆಯ ಮುಂದೆ ನಿಂತು ತಪ್ಪುಕಾಣಿಕೆ ಒಪ್ಪಿಸಬೇಕಿತ್ತು. ಹೆಣ್ಣುಮಕ್ಕಳು ಆ ಕಟ್ಟೆ ಹತ್ತುವಂತಿರಲಿಲ್ಲ. ಇಂದ್ರಾಣಿ ದೂರದಲ್ಲಿ ನಿಂತು ಎಲ್ಲವನ್ನೂ ಕಲಿತಳು. ಈಗ ಅವಳಿಗೂ ಒಂದು ಕಟ್ಟೆ ಸಿಕ್ಕಿತ್ತು. ಬಳಗದಲ್ಲಿ ಬೈದವರಿಗೆ ಅವಳು ಇಟ್ಟ ತಪ್ಪುಕಾಣಿಕೆ ಏನೆಂದರೆ, ಯಾರೇ ಆಗಲಿ ಸ್ವಂತ ದನಿಯಲ್ಲಿ ಎರಡು ಸಾಲು ಹಾಡಿ ಹಾಕಬೇಕು. ಹಾಡುವ ತನಕ ಅವರ ಮಾತು ಬಂದ್. ದೊಡ್ಡ ದೊಡ್ಡ ವಾಗ್ಮಿಗಳು ಕತ್ತೆ ರಾಗದಲ್ಲಿ ಹಾಡಿ ಸಿಕ್ಕಿಬಿದ್ದ ಮೇಲೆ ಬಳಗದ ಬಾಯಿ ಎಷ್ಟೋ ಹತೋಟಿಗೆ ಬಂತು. ಇದು ಅವಳ ಹೆಮ್ಮೆ. ಬಸ್‌ಸ್ಟ್ಯಾಂಡಿನಲ್ಲಿ ಅವಳ ಮಾತಿಗೆ ಬಸ್ಸು ನಿಲ್ಲುತ್ತಿತ್ತೋ ಇಲ್ಲವೋ, ಇಲ್ಲಂತೂ ಜನ ನಿಲ್ಲುತ್ತಿದ್ದರು.

ಹೀಗಿರುವಾಗ ಚಿಕ್ಕಯ್ಯನಛತ್ರದ ಮಹಾದೇವಸ್ವಾಮಿ ಒಂದು ಸಂಜೆ ಒಂದು ವಾಯ್ಸ್ ಮೆಸೇಜ್ ಹಾಕಿದ. ಹಾಲು ಮಾರಿ ಬದುಕುವ, ಟ್ರ್ಯಾಕ್ಟರಿನಲ್ಲಿ ಗುಡುಗು ತಂಡದ ಹಾಡನ್ನೇ ಹಾಕಿಕೊಂಡು ಉಳುವ ಮನುಷ್ಯ. "ಸಾ, ಬ್ಯಾಸ್ರ ಮಾಡ್ಕಬ್ಯಾಡಿ. ಈಚೀಚ್ಗೆ ಬರೀ ರಾಜಕೀಯನೇ ಆಗೋಯ್ತು. ನೀವು ಆಡಿ ಯಾವ್ ಕಾಲಾಯ್ತು? ಆಡೋದೇ ಬುಟ್ಬುಟ್ರಾ?"

ನಾಗೇಂದ್ರನಿಗೆ ಏನಾಯಿತೋ, ಪಟ್ಟನೆ ಬರೆದ: "ನಿನಗ್ಯಾಕಯ್ಯ ರಾಕ್ ಮ್ಯೂಸಿಕ್? ಹೋಗಿ ಎಮ್ಮೆ ಮೇಯ್ಸೋಗು."

ಬಳಗದ ಅರ್ಧ ಜನರ ಮನೆಯಲ್ಲಿ ಎಮ್ಮೆ ಇದ್ದವು. ಚಿಕ್ಕಯ್ಯನಛತ್ರದ್ದೇ ಹುಡುಗಿ ಕವನ, ಕಾಲೇಜಿನಲ್ಲಿ ಓದುವವಳು, ಒಂದೇ ಸಾಲು ಕೇಳಿದಳು: "ಅಡ್ಮಿನ್ ಆಂಟಿ, ತಪ್ಪುಕಾಣಿಕೆ ಓನರ್‌ಗೂ ಉಂಟಾ?"

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ನಾಗೇಂದ್ರ ಬೆರಳಾಡಿಸಿದರೆ ಇಂದ್ರಾಣಿ ಬಳಗದಿಂದಲೇ ಹೊರಗೆ. ಬಿಟ್ಟುಬಿಟ್ಟರೆ ನಾಳೆಯಿಂದ ಅವಳ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಕೈಗೆ ಬಂದ ಕಟ್ಟೆಯನ್ನು ಕಳೆದುಕೊಳ್ಳಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಆದರೂ ಬರೆದಳು: "ನಾಗೇಂದ್ರ ಎರಡು ಸಾಲು ಹಾಡಬೇಕು. ಅಲ್ಲಿಯವರೆಗೆ ಅವರ ಮಾತು ಬಂದ್."

ಮರುಗಳಿಗೆಯಲ್ಲೇ ಅವನ ಫೋನು ಬಂತು. ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ಎತ್ತಿದಳು. ಅವನು ಜಗಳವಾಡಲಿಲ್ಲ.

"ಅಕ್ಕ, ಬೇರೆ ಏನಾದ್ರೂ ಹೇಳಿ. ಕ್ಷಮೆ ಕೇಳ್ತೀನಿ, ಅವರ ಮನೆಗೇ ಹೋಗಿ ಕೈ ಮುಗೀತೀನಿ. ಹಾಡು ಒಂದ್ ಬ್ಯಾಡ."

"ಯಾಕೋ? ಕೊಂಬು ಬಂದದಾ ನಿಂಗೆ?"

"ಹಾಡೋ ದನಿ ಹೋಗ್ಬುಟ್ಟದೆ ಅಕ್ಕ. ಗಂಟಲಲ್ಲಿ ಗಂಟಾಗಿತ್ತು, ಆಪರೇಷನ್ ಆಯ್ತು. ಆ ಕೂಗು ಇನ್ನು ಬರಲ್ಲ ಅಂದ್ರು ಡಾಕ್ಟ್ರು. ಯಾರಿಗೂ ಹೇಳಿಲ್ಲ. ಹಾಡು ಇಲ್ಲ ಅಂತ ಗೊತ್ತಾಗಬಾರದು ಅಂತಾನೇ ಅಷ್ಟೊಂದು ರಾಜಕೀಯ ಬರೆದದ್ದು. ಈಗ ನಾನು ಹಾಡಿದ್ರೆ ಬಳಗವೇ ನಗ್ತದೆ."

ಇಂದ್ರಾಣಿಯ ಸಿಟ್ಟು ಜರ್ರನೆ ಇಳಿಯಿತು. ದಿನವಿಡೀ ಕೂಗಿ ದನಿಯಿಂದಲೇ ಅನ್ನ ತಿನ್ನುವವಳಿಗೆ ಆ ನೋವು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಗೆಂದು ತೀರ್ಮಾನ ತಿದ್ದುವುದೇ? ಮಹಾದೇವಸ್ವಾಮಿ ಪಾಪ, ಏನು ತಪ್ಪು ಮಾಡಿದ್ದ?

ಅಪ್ಪನ ಕಟ್ಟೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ತಪ್ಪಿತಸ್ಥ ಒಬ್ಬನೇ ನಿಂತರೆ ಕಾಣಿಕೆ ಸಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬ ಜಾಮೀನು ನಿಲ್ಲಬೇಕಿತ್ತು. ತಪ್ಪು ಮಾಡಿದವನಿಗೂ ಊರಲ್ಲಿ ಒಬ್ಬನಾದರೂ ದಿಕ್ಕಿರಲಿ ಎಂದು ಹಿರಿಯರು ಮಾಡಿದ್ದು. "ಜಾಮೀನು ಸಿಕ್ಕರೆ ಹಾಡ್ತೀಯಾ?" ಎಂದು ಕೇಳಿದಳು. ಅವನು, "ನೋಡಣ" ಎಂದ.

ಇಂದ್ರಾಣಿ ಕಾರಣವನ್ನು ಬಾಯಿಬಿಡಲಿಲ್ಲ. "ನಾಗೇಂದ್ರನ ಪಕ್ಕ ನಿಂತು ಜೊತೆಗೆ ಹಾಡೋದಕ್ಕೆ ಜಾಮೀನು ಬೇಕು. ಯಾರು ನಿಲ್ತೀರಿ?" ಎಂದಷ್ಟೇ ಬರೆದಳು. ಬೆಳಿಗ್ಗೆಯಾದರೆ ಅವನ ರಾಜಕೀಯಕ್ಕೆ ಚಪ್ಪಾಳೆ ತಟ್ಟುವವರು ಒಬ್ಬರೂ ಉಸಿರೆತ್ತಲಿಲ್ಲ. ಯಾರೂ ಬರದಿದ್ದರೆ ತಾನೇ ನಿಲ್ಲುವುದು ಎಂದುಕೊಂಡಳು. ಆಮೇಲೆ ಮಹಾದೇವಸ್ವಾಮಿಯ ದನಿ ಬಂತು.

"ನಾ ನಿಲ್ತೀನಿ ಕಣಕ್ಕ. ಬೈಸ್ಕಂಡವ್ನು ನಾನು, ನಂಗೇ ಅಕ್ಕು ಜಾಸ್ತಿ. ನಾಳೆ ಎಮ್ಮೆ ಮೇಯ್ಸ್ಬುಟ್ಟು ನರಸೀಪುರಕ್ಕೆ ಬತ್ತೀನಿ ಅಂತ ಯೋಳಿ ಸಾರ್‌ಗೆ."

ಮಾರನೆಯ ದಿನ ಇಂದ್ರಾಣಿ ಮೈಕಿನ ಮುಂದೆ ಕೂತಿದ್ದರೂ ಮನಸ್ಸೆಲ್ಲ ಫೋನಿನಲ್ಲಿತ್ತು. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹಾಡು ಬಂತು. ಗುಡುಗು ತಂಡದ ಹಳೆಯ ಹಾಡೇ. ಆದರೆ ನಾಗೇಂದ್ರನ ದನಿ ತಗ್ಗಿ, ಒರಟಾಗಿ, ಅಲ್ಲಲ್ಲಿ ಗಾಳಿ ಸೋರುತ್ತಿತ್ತು. ಎರಡನೆಯ ಸಾಲಿನಲ್ಲಿ ಏರಬೇಕಾದ ಕಡೆ ಪೂರಾ ನಿಂತುಹೋಯಿತು. ಇಂದ್ರಾಣಿ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಮಹಾದೇವಸ್ವಾಮಿ, ರಾಗವೂ ಇಲ್ಲದೆ ತಾಳವೂ ಇಲ್ಲದೆ, ಹೊಲದಾಚೆಯವನನ್ನು ಕರೆಯುವ ಹಾಗೆ ಆ ಕೂಗು ಹಾಕಿಯೇಬಿಟ್ಟ. ಒಂದು ಕ್ಷಣ ಗಿಟಾರ್ ಮಾತ್ರ ಕೇಳಿಸಿತು. ಆಮೇಲೆ ಆ ತಗ್ಗಿದ ದನಿ ಮತ್ತೆ ಹಾಡಿಗೆ ಬಂತು, ನಿಲ್ಲಲಿಲ್ಲ.

ಕೆಳಗೆ ನಾಗೇಂದ್ರ ಬರೆದಿದ್ದ: "ನನ್ನ ಹಳೇ ದನಿ ಹೋಯ್ತು. ಇನ್ನು ಮೇಲೆ ಇದೇ ದನಿ. ಮಹಾದೇವಸ್ವಾಮಿಯವರೇ, ತಪ್ಪಾಯ್ತು." ಯಾರೂ ನಗಲಿಲ್ಲ. ಕವನ ಮಾತ್ರ, "ಹಳೇದಕ್ಕಿಂತ ಇದೇ ಚೆನ್ನಾಗಿದೆ, ಆದರೆ ಕೂಗು ಅಂಕಲ್‌ದೇ ಇರಲಿ" ಎಂದಳು.

ಸ್ವಲ್ಪ ಹೊತ್ತಿಗೆ ನಾಗೇಂದ್ರನ ಫೋನು ಬಂತು. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. "ಅಕ್ಕ, ನೀವು ಕೇಳಿದ್ದು ಎರಡೇ ಸಾಲು. ಈ ಮನುಷ್ಯ ಪೂರ್ತಿ ಹಾಡು ಹಾಡ್ಸದೆ ಎದ್ದೇಳಲೇ ಇಲ್ಲ."

ಫೋನು ಇಟ್ಟ ಮೇಲೆ ಇಂದ್ರಾಣಿ ಮೈಕು ಆರಿಸಿ, ಆ ಹಾಡನ್ನು ಮೊದಲಿನಿಂದ ಮತ್ತೆ ಹಾಕಿ ಕಿವಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಗುಂಡ್ಲುಪೇಟೆಯ ಬಸ್ಸು ಬಂದು ನಿಂತಿತು. ಅವತ್ತು ಅದನ್ನು ಕಂಡಕ್ಟರೇ ಕೂಗಬೇಕಾಯಿತು.