ಅಳತೆ ತೆಗೆದು ಮಾಡಿದ ವೆಬ್‌ಸೈಟ್

ಶೆಟ್ಟಿಹಳ್ಳಿಯ ವನಿತಾಳದು ಇಪ್ಪತ್ತು ವರ್ಷ ರವಿಕೆ ಹೊಲಿದು ಪಳಗಿದ ಕೈ. ಬಂದವರನ್ನು ಒಂದು ಸಲ ಕಣ್ಣಾಡಿಸಿ ನೋಡಿದರೆ ಸಾಕು, ಬೆನ್ನಿನ ಅಗಲ ಬಾಯಿಗೆ ಬರುತ್ತಿತ್ತು. ತಾನು ಹೊಲಿದದ್ದು ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದು ಯೂಟ್ಯೂಬ್ ನೋಡಿಕೊಂಡು ಒಂದು ವೆಬ್‌ಸೈಟ್ ಮಾಡಲು ಕೂತಳು. ಕೂತವಳು ಏಳಲೇ ಇಲ್ಲ ಅನ್ನಿ. ಇಲ್ಲಿ ಒಂದು ಸಾಲು ಬರೆದರೆ ಅಲ್ಲಿ ಬಣ್ಣ ಬದಲಾಗುತ್ತಿತ್ತು, ಚಿತ್ರ ಜಾಗ ಬದಲಿಸುತ್ತಿತ್ತು. ಅವಳಿಗೆ ಹಬ್ಬವೋ ಹಬ್ಬ. ಯಾವ ಕಾಲೇಜಿನ ಮೆಟ್ಟಿಲನ್ನೂ ತುಳಿಯಲಿಲ್ಲ, ಯಾರ ಕೈಕಾಲನ್ನೂ ಹಿಡಿಯಲಿಲ್ಲ. ಎರಡು ವರ್ಷ, ದಿನಾ ಮಧ್ಯಾಹ್ನ ಹಳೇ ಲ್ಯಾಪ್‌ಟಾಪ್ ಮುಂದೆ ಕೂತು, ಕೆಡಿಸಿ ಕೆಡಿಸಿಯೇ ಕಲಿತಳು.

ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡ ನಂದಕುಮಾರ್ ರೇಗಿಸುತ್ತಿದ್ದ.

"ಕೈಯಲ್ಲಿರೋ ಕಸುಬು ಬಿಟ್ಟು ನಿಂಗ್ಯಾಕೇ ಈ ಉಸಾಬರಿ?"

"ಹೊರಗಿನವರದ್ದು ಒಂದೇ ಒಂದು ಮಾಡಿಕೊಡ್ತೀನಿ ನೋಡ್ತಾ ಇರಿ. ಅವರು ಒಪ್ಪಿದ್ರೆ ಇದೇ ನನ್ನ ಕೆಲಸ. ಒಪ್ಪಲಿಲ್ವಾ, ಲ್ಯಾಪ್‌ಟಾಪ್ ಅಟ್ಟಕ್ಕೆ ಹಾಕಿ ಮಿಷನ್ ಮುಂದೆ ಕೂತ್ಕೋತೀನಿ."

ಆ ಒಂದು ಕೆಲಸ ಬಂದದ್ದು ಬಾಗಲೂರಿನಿಂದ. ಅಲ್ಲಿ ಮುನಿಯಲ್ಲಪ್ಪ ಮತ್ತು ಅವರ ಅಕ್ಕ ರಾಮಲಕ್ಷ್ಮಮ್ಮ ಸೇರಿ ಹೂಗಿಡಗಳ ನರ್ಸರಿ ನಡೆಸುತ್ತಿದ್ದರು. ಮಾತುಕತೆಗೆ ಹೋದ ದಿನ ವನಿತಾ ಮುನಿಯಲ್ಲಪ್ಪನ ಫೋನ್ ಕೇಳಿ ಪಡೆದು, ಬ್ಯಾಗಿನಿಂದ ಟೇಪು ತೆಗೆದು ಉದ್ದಗಲ ಅಳೆದು ಬರೆದುಕೊಂಡಳು.

"ಏನಮ್ಮಾ, ನನ್ನ ಫೋನಿಗೂ ರವಿಕೆ ಒಲೀತೀಯಾ?" ಎಂದು ಮುನಿಯಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಳತೆ ತಗೊಳ್ದೆ ನಾನು ಏನೂ ಮಾಡಲ್ಲಣ್ಣ" ಎಂದಳು ವನಿತಾ, ಗತ್ತಿನಿಂದ.

ಮೂರು ವಾರ ಮೈಮುರಿದು ದುಡಿದಳು. ಒಂದು ಸೋಮವಾರ ಬೆಳಗ್ಗೆ ತೋರಿಸಲು ಹೋದಳು. ಮುನಿಯಲ್ಲಪ್ಪನ ಫೋನಿನಲ್ಲಿ ಪುಟ ತೆರೆದುಕೊಂಡಿತು ನೋಡಿ, ಗುಲಾಬಿ ಗುಲಾಬಿಯಾಗಿ, ದಾಸವಾಳ ದಾಸವಾಳವಾಗಿ, ಬಲಗಡೆ ಕೊನೆಯಲ್ಲಿ 'ಫೋನ್ ಮಾಡಿ' ಎನ್ನುವ ಹಸಿರು ಬಟನ್.

"ಬಲೇ!" ಎಂದರು ಅವರು.

ಆದರೆ ಹೂಂ ಅನ್ನಬೇಕಾದವರು ರಾಮಲಕ್ಷ್ಮಮ್ಮ. ಅವರದು ಚಿಕ್ಕ ಫೋನು. ತೆರೆದು ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನವ್ವಾ, ಗಿಡ ಐತೆ, ಊವಿಲ್ಲ! ಫೋನ್ ಮಾಡೋ ಬಟನ್ ಎಲ್ಲೋಯ್ತು?"

ವನಿತಾ ಬಗ್ಗಿ ನೋಡಿದಳು. ಪುಟದ ಬಲಭಾಗವೆಲ್ಲ ಪರದೆಯ ಆಚೆಗೆ ಹೋಗಿ ಕೂತಿತ್ತು. ಮುನಿಯಲ್ಲಪ್ಪನ ಒಬ್ಬರ ಫೋನಿಗೆ ಮಾತ್ರ ಮೈಗೆ ಹಿಡಿದ ಹಾಗೆ ಮಾಡಿದ್ದಳು! ಗಿಡ ಕೊಳ್ಳುವವರ ಕೈಯಲ್ಲಿ ನೂರು ತರದ ಫೋನುಗಳು ಇರುತ್ತವಲ್ಲ.

"ಅಕ್ಕಾ, ಒಂದು ಗಂಟೆ ಟೈಮ್ ಕೊಡಿ."

"ಊಟದ ವೊತ್ತಿನ ತನಕ ಕೊಟ್ಟೆ. ಆಮೇಲೆ ಬೇರೆಯೋರ್ನ ನೋಡ್ಕೋತೀವಿ ಕಣವ್ವ. ಬೇಜಾರು ಮಾಡ್ಕೋಬೇಡ."

ನರ್ಸರಿಯ ಹಸಿರು ಬಲೆಯ ನೆರಳಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. ಒಂದೇ ಬಟ್ಟೆ ಹತ್ತು ಮೈಗೆ ಆಗಬೇಕೆಂದರೆ ಏನು ಹೊಲಿಯುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು. ಲಾಡಿ ಹಾಕುವ ಲಂಗ! ಸಣ್ಣ ಸೊಂಟಕ್ಕೆ ನೆರಿಗೆ ಕೂಡುತ್ತದೆ, ದಪ್ಪ ಸೊಂಟಕ್ಕೆ ಬಿಚ್ಚಿಕೊಳ್ಳುತ್ತದೆ. ಹೊಳೆದದ್ದೇ ತಡ, ನಕ್ಕುಬಿಟ್ಟಳು. ಬರೆದಿದ್ದ ಅಳತೆಗಳನ್ನೆಲ್ಲ ಅಳಿಸಿ ಪಾಲು ಬರೆದಳು. ಪರದೆ ಎಷ್ಟೇ ಇರಲಿ, ಚಿತ್ರಕ್ಕೆ ಅದರ ಪೂರ್ತಿ ಅಗಲ. ಬೆಲೆಗೆ ಅರ್ಧ, ಬಟನ್‌ಗೆ ಅರ್ಧ. ಬೆರಳುಗಳು ಮಿಷನ್ನಿನ ಸೂಜಿಯಂತೆ ಓಡಿದವು.

ನರ್ಸರಿಯ ಕೆಲಸದವರ ಫೋನುಗಳನ್ನೆಲ್ಲ ಬೇಡಿ ತಂದು ಸಾಲಾಗಿ ಇಟ್ಟಳು. ನೀರು ಹಾಯಿಸುವ ಸಂಗಪ್ಪನ ಒಡೆದ ಫೋನಿನಲ್ಲೂ ಪುಟ ನೆಟ್ಟಗೆ ಕೂತಿತು. ರಾಮಲಕ್ಷ್ಮಮ್ಮ ಕನ್ನಡಕ ಏರಿಸಿ, ಹೂವನ್ನೆಲ್ಲ ಎಣಿಸುವವರಂತೆ ನೋಡಿ, ಕೊನೆಗೆ ಹಸಿರು ಬಟನ್ ಒತ್ತಿದರು. ದೂರದ ಸಸಿಗಳ ಸಾಲಿನಲ್ಲಿ ಮುನಿಯಲ್ಲಪ್ಪನ ಫೋನು ಬಡಿದುಕೊಂಡಿತು.

"ಅಲೋ, ಯಾರ್ರೀ? ಯಾವ ಗಿಡ ಬೇಕಾಗಿತ್ತು?"

"ನಾನೇ ಕಣೋ, ನಿಮ್ಮಕ್ಕ! ಆಚೇನೇ ನಿಂತ್ಕಂಡು ಯಾವ ಗಿಡ ಅಂತ ನನ್ನೇ ಕೇಳ್ತೀಯಾ? ಒಳಗ್ ಬಾ, ಈ ವುಡುಗಿ ಗೆದ್ಬುಟ್ಲು!"

ವನಿತಾಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ರಾಮಲಕ್ಷ್ಮಮ್ಮ ಊಟಕ್ಕೆ ಏಳು ಎಂದರೂ ಕೇಳದೆ, ರಾತ್ರಿ ಪಾಳಿಯ ನಿದ್ದೆಯಲ್ಲಿದ್ದ ಗಂಡನಿಗೆ ಫೋನ್ ಹಚ್ಚಿದಳು.

"ರೀ, ಒಪ್ಕೊಂಡ್ರು! ಗುಲಾಬಿಗೆ ಬೇರೇನೇ ಒಂದು ಪುಟ ಬೇಕಂತೆ, ಅದನ್ನೂ ನಾನೇ ಮಾಡಬೇಕಂತೆ!"

"ಹೌದೇನೇ!" ಅವನ ನಿದ್ದೆ ಹಾರಿಹೋಗಿತ್ತು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು, ಅವನು ಎದ್ದು ತೆರೆದ ಸದ್ದು ಕೇಳಿಸಿತು. "ಅಲ್ಲಾ, ಎದುರುಮನೆ ಸರಳಾ ರವಿಕೆ ಬಟ್ಟೆ ಹಿಡ್ಕೊಂಡು ಬಾಗಿಲಲ್ಲೇ ನಿಂತವ್ರೆ. ಏನು ಹೇಳ್ಲಿ?"

"ಅವರು ಚಪಾತಿ ಮಾಡಿ ಮಾರ್ತಾರಲ್ಲ" ಎಂದಳು ವನಿತಾ. "ಅದಕ್ಕೊಂದು ವೆಬ್‌ಸೈಟ್ ಬೇಕಾ, ಕೇಳಿ!"